ಬೆಂಗಳೂರಿನ ತಂಡಗಳಲ್ಲಿ ಯಾವುದರ ನಾಳೆ ಗಟ್ಟಿ?

ಮಗಳು ಕ್ರಿಕೆಟ್ ಬ್ಯಾಟು ಕೊಡಿಸಿ ಎನ್ನುತ್ತಾಳೆ. ಮಗ ಫುಟ್‌ಬಾಲ್ ತರಬೇತಿಗೆ ತಿಂಗಳ ಫೀಸು ಕಟ್ಟಿ ಎಂದು ಹಟ ಹಿಡಿಯುತ್ತಾನೆ. ಹಿಂದೆ ಇಂತಹ ಬೇಡಿಕೆಗಳಿಗೆ ನಮ್ಮ ಮನೆಗಳಲ್ಲಿ ಒಂದೇ ಉತ್ತರವಿತ್ತು: "ಆಟ ಅನ್ನ ಹಾಕುತ್ತದೆಯೇ?" ಈಗ ಹಾಗೆ ಕೇಳಿದರೆ ಮಕ್ಕಳೇ ನಮಗೆ ಲೆಕ್ಕ ಒಪ್ಪಿಸುತ್ತಾರೆ. ಹರಾಜಿನಲ್ಲಿ ಯಾರಿಗೆ ಎಷ್ಟು ಕೋಟಿ ಸಿಕ್ಕಿತು ಎಂಬುದು ಮಗ್ಗಿಗಿಂತ ಚೆನ್ನಾಗಿ ಅವರಿಗೆ ಬಾಯಿಪಾಠವಾಗಿರುತ್ತದೆ. ತರಗತಿಯಲ್ಲಿ ಇದನ್ನು ದಿನವೂ ಕಾಣುವ ನನಗೆ ಆಶ್ಚರ್ಯವಿಲ್ಲ. ಆದರೆ ತಾಯಂದಿರಿಗೆ ಕಷ್ಟ. ಮಕ್ಕಳ ಮಾತಿನಲ್ಲಿ ನಿಜವೆಷ್ಟು, ಜಾಹೀರಾತು ತುಂಬಿದ ಗಾಳಿಯೆಷ್ಟು ಎಂದು ಅವರು ತಿಳಿಯುವುದಾದರೂ ಹೇಗೆ?

ಹಾಗಾಗಿ ಬೆಂಗಳೂರಿನ ವೃತ್ತಿಪರ ತಂಡಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ, ಮುಂದಿನ ಹತ್ತು ವರ್ಷಗಳಲ್ಲಿ ಯಾವುದು ಬೆಳೆದೀತು, ಯಾವುದು ಬಳಲೀತು ಎಂದು ನೋಡುವುದು ಕೇವಲ ಕ್ರೀಡಾಪ್ರೇಮಿಗಳ ಹರಟೆಯಲ್ಲ. ಮನೆಯ ಖರ್ಚು ತೂಗಿಸುವವರಿಗೂ ಅದು ಬೇಕಾದ ವಿಷಯ.

ಮೊದಲಿಗೆ ಒಂದು ಎಚ್ಚರಿಕೆ. ಕಪ್ ಗೆದ್ದ ತಂಡದ ಭವಿಷ್ಯ ಭದ್ರ ಎಂದುಕೊಳ್ಳಬೇಡಿ. ಬೆಂಗಳೂರು ರ‍್ಯಾಪ್ಟರ್ಸ್ ಎಂಬ ಬ್ಯಾಡ್ಮಿಂಟನ್ ತಂಡ ನಿಮಗೆ ನೆನಪಿದೆಯೇ? ಪ್ರೀಮಿಯರ್ ಬ್ಯಾಡ್ಮಿಂಟನ್ ಲೀಗಿನಲ್ಲಿ ಅದು 2019ರಲ್ಲಿ ಗೆದ್ದಿತು, 2020ರಲ್ಲಿ ಮತ್ತೆ ಗೆದ್ದಿತು. ಸತತ ಎರಡು ಬಾರಿ ಆ ಪಟ್ಟ ಗಳಿಸಿದ ಮೊದಲ ತಂಡ ಅದೇ. ಎರಡನೆಯ ಸಲ ವಿಶ್ವದ ಅಗ್ರ ಆಟಗಾರ್ತಿಯರಲ್ಲಿ ಒಬ್ಬರಾದ ತೈವಾನಿನ ತಾಯ್ ತ್ಸು ಯಿಂಗ್ ಅದರ ಪರವಾಗಿ ಆಡಿದ್ದರು. ಆ ಫೆಬ್ರವರಿಯ ನಂತರ ಲೀಗ್ ಮತ್ತೆ ನಡೆಯಲೇ ಇಲ್ಲ. ಹಾಲಿ ಚಾಂಪಿಯನ್ ತಂಡ ಯಾರಿಗೂ ಸೋಲದೆ ಕಣ್ಮರೆಯಾಯಿತು. 2005ರಿಂದ 2008ರವರೆಗೆ ನಡೆದ ಪ್ರೀಮಿಯರ್ ಹಾಕಿ ಲೀಗಿನಲ್ಲೂ ಬೆಂಗಳೂರಿನ ತಂಡವಿತ್ತು. ಅದೂ ಲೀಗಿನೊಂದಿಗೇ ಹೋಯಿತು. 2024ರ ಡಿಸೆಂಬರ್‌ನಲ್ಲಿ ಹಾಕಿ ಇಂಡಿಯಾ ಲೀಗ್ ಹೊಸದಾಗಿ ಆರಂಭವಾದಾಗ ಅದರಲ್ಲಿ ಬೆಂಗಳೂರಿನ ಹೆಸರಿರಲಿಲ್ಲ. ಎಷ್ಟೋ ಹಾಕಿ ಆಟಗಾರರನ್ನು ದೇಶಕ್ಕೆ ಕೊಟ್ಟ ಊರಿಗೆ ಇದು ಸಣ್ಣ ಮಾತಲ್ಲ.

ಆದ್ದರಿಂದ ನಾನು ಅಳೆಯುವುದು ಬೇರೆ ಕೋಲಿನಿಂದ. ಮನೆಗೆ ಸಂಬಂಧ ಬಂದಾಗ ಹಿರಿಯರು ಏನು ಕೇಳುತ್ತಾರೆ? ಹುಡುಗನ ಕೋಟು ಯಾವ ಬಣ್ಣದ್ದು ಎಂದಲ್ಲ. ಆದಾಯ ಎಲ್ಲಿಂದ, ಸ್ವಂತ ಮನೆಯೋ ಬಾಡಿಗೆಯೋ, ಮನೆಯ ಯಜಮಾನ ಯಾರು ಎಂದು ಕೇಳುತ್ತಾರೆ. ತಂಡಗಳಿಗೂ ಇದೇ ಪ್ರಶ್ನೆ. ಲೀಗ್ ನಾಳೆಯೂ ಇರುತ್ತದೆಯೇ? ಮೈದಾನ ಕೈಯಲ್ಲಿದೆಯೇ? ಹಣ ಹಾಕುವವರು ನಿಲ್ಲುತ್ತಾರೆಯೇ? ಇದರೊಂದಿಗೆ ನನ್ನದೇ ಇನ್ನೊಂದು ಪ್ರಶ್ನೆಯಿದೆ: ನಮ್ಮ ರಾಜ್ಯದ ಮಗುವಿಗೆ ಅಲ್ಲಿ ಬಾಗಿಲು ತೆರೆದಿದೆಯೇ?

ಎಲ್ಲರೂ ಮೊದಲು ಹೆಸರಿಸುವ ತಂಡ ನನ್ನ ಪಟ್ಟಿಯಲ್ಲಿ ಎರಡನೆಯದು

ರಾಯಲ್ ಚಾಲೆಂಜರ್ಸ್ ಪುರುಷರ ತಂಡವನ್ನು 2008ರಲ್ಲಿ ವಿಜಯ್ ಮಲ್ಯ ಕೊಂಡದ್ದು 11.16 ಕೋಟಿ ಡಾಲರಿಗೆ. ಹೆಸರು ಬಂದದ್ದು ಅವರ ಕಂಪೆನಿಯ ಮದ್ಯದ ಬ್ರ್ಯಾಂಡಿನಿಂದ. ನಮ್ಮ ಮಕ್ಕಳು ಎದೆಯ ಮೇಲೆ ಆ ಹೆಸರು ಹೊತ್ತು ತಿರುಗುವಾಗ ಇದು ಎಷ್ಟು ಜನರಿಗೆ ಗೊತ್ತಿರುತ್ತದೋ! 2009, 2011 ಮತ್ತು 2016ರಲ್ಲಿ ಫೈನಲ್ ಸೋತ ತಂಡ, ಕೊನೆಗೆ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಮೊದಲ ಕಪ್ ಗೆದ್ದಿತು.

ಹಣದ ಮಟ್ಟಿಗೆ ಈ ತಂಡಕ್ಕೆ ಚಿಂತೆಯಿಲ್ಲ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಅದರಲ್ಲಿ ದೊಡ್ಡ ಪಾಲು ತಂಡಗಳಿಗೆ ಹಂಚಿಕೆಯಾಗುತ್ತದೆ. ಅಂದರೆ ಒಂದು ವರ್ಷ ಕೊನೆಯ ಸ್ಥಾನಕ್ಕೆ ಬಿದ್ದರೂ ಒಲೆ ಆರುವುದಿಲ್ಲ. ಕೆಳಗಿನ ದರ್ಜೆಗೆ ಇಳಿಸುವ ಪದ್ಧತಿಯೂ ಇಲ್ಲಿಲ್ಲ. 2025ರ ನವೆಂಬರ್‌ನಲ್ಲಿ ಒಡೆತನದ ಕಂಪೆನಿ ಯುನೈಟೆಡ್ ಸ್ಪಿರಿಟ್ಸ್ ತನ್ನ ಈ ವ್ಯವಹಾರದ ಮುಂದಿನ ದಾರಿಯನ್ನು ಪರಿಶೀಲಿಸುತ್ತಿರುವುದಾಗಿ ಷೇರುಪೇಟೆಗೆ ತಿಳಿಸಿದಾಗ ಅಭಿಮಾನಿಗಳು ಗಾಬರಿಯಾದರು. ಗಾಬರಿಗೆ ಕಾರಣವಿರಲಿಲ್ಲ. ಇಂತಹ ತಂಡಕ್ಕೆ ಯಜಮಾನ ಬದಲಾಗಬಹುದು, ಅನಾಥವಾಗುವುದಿಲ್ಲ.

ಹಾಗಾದರೆ ಎರಡನೆಯ ಸ್ಥಾನ ಏಕೆ? ಒಂದು, ಮೈದಾನ. ಕಪ್ ಗೆದ್ದ ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಉಂಟಾದ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಸುಮಾರು 35,000 ಜನ ಕೂರುವ ಜಾಗದ ಸುತ್ತ ಲಕ್ಷಾಂತರ ಮಂದಿ ಸೇರಿದ್ದರು. ಸತ್ತವರಲ್ಲಿ ಹೆಚ್ಚಿನವರು ಎಳೆಯರು. ಬೆಳಗ್ಗೆ ತಿಂಡಿ ತಿಂದು, "ಬೇಗ ಬಂದುಬಿಡುತ್ತೇನಮ್ಮ" ಎಂದು ಹೊರಟಿರಬಹುದಾದ ಮಕ್ಕಳು. ಯಾವ ಕಪ್ಪಿನ ಲೆಕ್ಕದಲ್ಲೂ ಇದು ತುಂಬಿ ಬರುವ ನಷ್ಟವಲ್ಲ. ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಆಯೋಗ ಆ ಕ್ರೀಡಾಂಗಣ ಭಾರೀ ಜನಸಂದಣಿಯ ಕಾರ್ಯಕ್ರಮಗಳಿಗೆ ಸುರಕ್ಷಿತವಲ್ಲ ಎಂದು ವರದಿ ಕೊಟ್ಟಿತು. ಅದೇ ವರ್ಷ ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬೈಗೆ ಹೋದವು. ನಗರದ ನಟ್ಟನಡುವೆ, ಇಕ್ಕಟ್ಟಾದ ರಸ್ತೆಗಳ ಮಧ್ಯೆ ಕಟ್ಟಿದ ಮೈದಾನ ಅದು. ಬಣ್ಣ ಬಳಿದು, ಬಾಗಿಲು ಅಗಲ ಮಾಡಿ ಸ್ವಲ್ಪ ಸುಧಾರಿಸಬಹುದೇ ಹೊರತು ಸುತ್ತಲಿನ ರಸ್ತೆಗಳನ್ನು ಹಿಗ್ಗಿಸಲಾಗದು.

ಇನ್ನೊಂದು ಕಾರಣ, ಬಾಗಿಲು. 2025ರಲ್ಲಿ ಕಪ್ ಗೆದ್ದ ತಂಡದಲ್ಲಿ ಕರ್ನಾಟಕದವರೆಂದರೆ ದೇವದತ್ತ ಪಡಿಕ್ಕಲ್, ಅವರಿಗೆ ಗಾಯವಾದಾಗ ಬಂದ ಮಯಂಕ್ ಅಗರವಾಲ್, ರಾಯಚೂರಿನ ಮನೋಜ್ ಭಾಂಡಗೆ. ಅದೇ ವರ್ಷ ಕೆ.ಎಲ್. ರಾಹುಲ್ ಮತ್ತು ಕರುಣ್ ನಾಯರ್ ದೆಹಲಿಗೂ ಪ್ರಸಿದ್ಧ ಕೃಷ್ಣ ಗುಜರಾತಿಗೂ ಆಡಿದರು. ಇದರಲ್ಲಿ ತಪ್ಪೇನಿಲ್ಲ, ಹರಾಜಿನ ನಿಯಮವೇ ಹಾಗೆ. ಆದರೆ "ನಮ್ಮ ಊರಿನ ತಂಡ ನನ್ನನ್ನು ಕರೆಯುತ್ತದೆ" ಎಂದು ಕನಸು ಕಾಣುವ ಹುಡುಗನಿಗೆ ಇದನ್ನು ಮೊದಲೇ ತಿಳಿಸಿ ಹೇಳುವುದು ಒಳ್ಳೆಯದು. 10 ತಂಡಗಳು, ತಲಾ ಹೆಚ್ಚೆಂದರೆ 25 ಆಟಗಾರರು, ಅವರಲ್ಲಿ ವಿದೇಶೀಯರೂ ಸೇರಿ. ಇಡೀ ದೇಶದ ಗಂಡುಮಕ್ಕಳು ಈ 250 ಕುರ್ಚಿಗಳಿಗೆ ನೂಕಾಡುತ್ತಿದ್ದಾರೆ. ಈ ತಂಡ ಈಗಾಗಲೇ ತುಂಬ ಎತ್ತರಕ್ಕೆ ಏರಿದೆ, ಇನ್ನೂ ಏರಲು ಜಾಗ ಕಡಿಮೆ. 2008ರಿಂದ ಈ ಕಪ್ಪಿನವರೆಗೂ ಇದೊಂದೇ ತಂಡಕ್ಕೆ ಆಡಿದ ವಿರಾಟ್ ಕೊಹ್ಲಿಯ ಹೆಸರಿನಿಂದಲೇ ಅರ್ಧ ಟಿಕೆಟು ಮಾರಾಟವಾಗುತ್ತಿದ್ದ ಸಂಗತಿಯನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಮೊದಲ ಸ್ಥಾನ ಹೆಣ್ಣುಮಕ್ಕಳದ್ದು

ಅದೇ ಮಾಲೀಕರು 2023ರಲ್ಲಿ ಮಹಿಳಾ ತಂಡವನ್ನು 901 ಕೋಟಿ ರೂಪಾಯಿಗೆ ಕೊಂಡಾಗ ಹಲವರು ನಕ್ಕರು. ಮೊದಲ ವರ್ಷ ತಂಡ ಸತತವಾಗಿ ಸೋತಾಗ ನಗು ಇನ್ನೂ ಜೋರಾಯಿತು. ಮರುವರ್ಷ, 2024ರ ಮಾರ್ಚ್ 17ರಂದು, ಸ್ಮೃತಿ ಮಂಧಾನ ನಾಯಕತ್ವದ ತಂಡ ದೆಹಲಿಯಲ್ಲಿ ದೆಹಲಿಯನ್ನೇ 8 ವಿಕೆಟ್‌ಗಳಿಂದ ಸೋಲಿಸಿ ಕಪ್ ಎತ್ತಿತು. ಗಂಡಸರ ತಂಡ 16 ವರ್ಷಗಳಲ್ಲಿ ಮಾಡಲಾಗದ್ದನ್ನು ಹೆಂಗಸರು ಎರಡನೆಯ ವರ್ಷದಲ್ಲೇ ಮಾಡಿ ತೋರಿಸಿದರು. ಆ ಫೈನಲಿನಲ್ಲಿ 12 ರನ್‌ಗೆ 4 ವಿಕೆಟ್ ಪಡೆದವಳು ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ್. ವಯಸ್ಸು ಆಗ 21. ಆ ಸಾಲಿನಲ್ಲಿ ಅತಿ ಹೆಚ್ಚು, ಅಂದರೆ 13 ವಿಕೆಟ್ ಪಡೆದವಳೂ ಅವಳೇ. ತಂಡ ಅವಳನ್ನು ಹರಾಜಿನಲ್ಲಿ ಕೊಂಡಿದ್ದು 10 ಲಕ್ಷ ರೂಪಾಯಿಗೆ.

ಈ 10 ಲಕ್ಷವೇ ನನ್ನ ವಾದದ ತಿರುಳು. ಇಲ್ಲಿ ಬೆಲೆ ಇನ್ನೂ ಏರುವ ಹಂತದಲ್ಲಿದೆ. ಮೊದಲ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚು ಪಡೆದ ಮಂಧಾನಗೆ ಸಿಕ್ಕಿದ್ದು 3.4 ಕೋಟಿ. ಪುರುಷರಲ್ಲಿ 2025ರ ಸಾಲಿಗೆ ರಿಷಭ್ ಪಂತ್ ಪಡೆದದ್ದು 27 ಕೋಟಿ. ಈ ಅಂತರ ಅನ್ಯಾಯವೆಂದು ಕೆಲವರು ಹೇಳುತ್ತಾರೆ, ನಾನು ಅದನ್ನು ಬೆಳೆಯಲು ಉಳಿದಿರುವ ಜಾಗ ಎಂದು ನೋಡುತ್ತೇನೆ. ಮಹಿಳಾ ಲೀಗಿನ 2023-27ರ ಪ್ರಸಾರದ ಹಕ್ಕು 951 ಕೋಟಿಗೆ ಹೋಗಿತ್ತು. ಆ ಬೆಲೆ ಕಟ್ಟಿದಾಗ ಲೀಗಿನ ಒಂದು ಚೆಂಡನ್ನೂ ಯಾರೂ ಎಸೆದಿರಲಿಲ್ಲ. ಅದಾದ ಮೇಲೆ 2025ರ ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ಏಕದಿನ ವಿಶ್ವಕಪ್ ಗೆದ್ದರು. ಮಾಲು ನೋಡದೆ ಕಟ್ಟಿದ ಬೆಲೆಗೂ ಕಣ್ಣಾರೆ ನೋಡಿ ಕಟ್ಟುವ ಬೆಲೆಗೂ ವ್ಯತ್ಯಾಸವಿರುತ್ತದೆ. ಅಂಗಡಿಗೆ ಹೋಗುವ ಯಾವ ಗೃಹಿಣಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ. ಭಾರತ ತಂಡಕ್ಕೆ ಆಡುವ ಹೆಣ್ಣುಮಕ್ಕಳಿಗೂ ಗಂಡಸರಷ್ಟೇ ಪಂದ್ಯದ ಸಂಭಾವನೆ ಎಂದು ಕ್ರಿಕೆಟ್ ಮಂಡಳಿ 2022ರಲ್ಲಿ ಘೋಷಿಸಿತು: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ಕೆಳಹಂತದಲ್ಲಿ 15, 19 ಮತ್ತು 23 ವರ್ಷದೊಳಗಿನವರ ಹಾಗೂ ಹಿರಿಯರ ರಾಜ್ಯ ತಂಡಗಳಿವೆ. ಅಂದರೆ ಏಣಿಗೆ ಮೆಟ್ಟಿಲುಗಳಿವೆ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಪಂದ್ಯಗಳು ನಡೆದಾಗ ಚಿನ್ನಸ್ವಾಮಿ ತುಂಬಿ ತುಳುಕಿತು. ತಾಯಂದಿರು ಹೆಣ್ಣುಮಕ್ಕಳ ಕೈ ಹಿಡಿದು ಬಂದಿದ್ದರು. ಮರುವರ್ಷ ಅದೇ ಮೈದಾನದಲ್ಲಿ ತಂಡ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತಿತು, ಆದರೂ ಜನ ಬರುವುದನ್ನು ಬಿಡಲಿಲ್ಲ. ಗೆದ್ದಾಗ ಬರುವ ಜನರಿಗಿಂತ ಸೋತಾಗಲೂ ಬರುವ ಜನ ತಂಡಕ್ಕೆ ದೊಡ್ಡ ಆಸ್ತಿ.

ಕಷ್ಟಗಳಿಲ್ಲವೆಂದಲ್ಲ. ಲೀಗಿನಲ್ಲಿರುವುದು ಐದೇ ತಂಡ, ತಂಡಕ್ಕೆ ಹೆಚ್ಚೆಂದರೆ 18 ಆಟಗಾರ್ತಿಯರು. ಗಂಡುಮಕ್ಕಳಿಗೆ 250 ಕುರ್ಚಿಗಳಿರುವಲ್ಲಿ ಹೆಣ್ಣುಮಕ್ಕಳಿಗೆ 90. ಆದರೆ ಆ 90ಕ್ಕೆ ನೂಕಾಡುವವರ ಸಾಲು ಇನ್ನೂ ಚಿಕ್ಕದಿದೆ. ತಡವಾಗಿ ಬಂದವರಿಗೆ ಈ ಅನುಕೂಲ ಇರಲಾರದು. ನನ್ನ ವಿದ್ಯಾರ್ಥಿನಿಯೊಬ್ಬಳು ಉದ್ದ ತೋಳಿನ ಅಂಗಿ, ಪ್ಯಾಂಟು, ತಲೆವಸ್ತ್ರದಲ್ಲಿ ಶಾಲೆಯ ಅಂಗಳದಲ್ಲಿ ಬೌಲಿಂಗ್ ಮಾಡುತ್ತಾಳೆ. ಹುಡುಗರಿಗೆ ಅವಳ ಚೆಂಡು ಕಾಣುವುದೇ ಇಲ್ಲ. ಮನೆಯವರು ಪಿಯುಸಿಯ ನಂತರ ನೋಡೋಣ ಎಂದಿದ್ದಾರಂತೆ. ಅಷ್ಟರಲ್ಲಿ 15 ವರ್ಷದೊಳಗಿನವರ ಮೆಟ್ಟಿಲು ದಾಟಿಹೋಗಿರುತ್ತದೆ ಎಂಬುದು ಆ ಮನೆಯವರಿಗೆ ತಿಳಿದಿರಲಾರದು.

ಚೆಂದದ ಮನೆ, ಮೇಲೆ ಸೂರಿಲ್ಲ

ಫುಟ್‌ಬಾಲಿನ ಬಗ್ಗೆ ಬರೆಯುವಾಗ ನನ್ನ ಮನಸ್ಸು ಸ್ವಲ್ಪ ಅತ್ತ ವಾಲುತ್ತದೆ, ಓದುಗರು ಕ್ಷಮಿಸಬೇಕು. ಅಸರ್‌ನಿಂದ ಮಗ್ರಿಬ್‌ವರೆಗಿನ ಸಮಯದಲ್ಲಿ ನಾವು ಆಡಿದ್ದು ಇದೇ ಆಟ. ಬೆಂಗಳೂರಿಗೂ ಫುಟ್‌ಬಾಲಿಗೂ ಇರುವ ನಂಟು ಐಪಿಎಲ್‌ಗಿಂತ ಎಷ್ಟೋ ಹಳೆಯದು. ಮುಂಬಯಿಯ ಪ್ರತಿಷ್ಠಿತ ರೋವರ್ಸ್ ಕಪ್ಪನ್ನು 1937 ಮತ್ತು 1938ರಲ್ಲಿ ಗೆದ್ದು ತಂದದ್ದು 'ಬೆಂಗಳೂರು ಮುಸ್ಲಿಮ್ಸ್' ಎಂಬ ತಂಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದ, ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲಿನ 'ಪಂಚಪಾಂಡವ'ರಲ್ಲಿ ಒಬ್ಬರೆಂದು ಹೆಸರಾದ ಅಹ್ಮದ್ ಖಾನ್ ಬೆಂಗಳೂರಿನವರು. 2017ರಲ್ಲಿ ತೀರಿಕೊಂಡಾಗ ಎಷ್ಟು ಮಕ್ಕಳಿಗೆ ಅವರ ಹೆಸರು ಗೊತ್ತಿತ್ತು? ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಈಗಲೂ ಸಂಜೆಯಾದರೆ ಚೆಂಡಿನ ಸದ್ದು ಕೇಳುತ್ತದೆ.

ಇಂತಹ ಊರಿನಲ್ಲಿ 2013ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿ ತಂಡವನ್ನು ಕಟ್ಟಿತು. ಕಟ್ಟಿದ ರೀತಿಯನ್ನು ಮೆಚ್ಚಲೇಬೇಕು. ಮೊದಲ ವರ್ಷವೇ ಐ-ಲೀಗ್ ಗೆದ್ದರು, 2016ರಲ್ಲಿ ಮತ್ತೊಮ್ಮೆ. ಅದೇ ವರ್ಷ ನವೆಂಬರ್‌ನಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ತಂಡವಾಗಿ, ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದೇ ಗೋಲಿನಿಂದ ಸೋತರು. 2019ರ ಮಾರ್ಚ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೇಕೆ ಹೊಡೆದ ಗೋಲಿನಿಂದ ಇಂಡಿಯನ್ ಸೂಪರ್ ಲೀಗ್ ಗೆದ್ದರು. 2022ರಲ್ಲಿ ಡ್ಯುರಾಂಡ್ ಕಪ್. 2025ರ ಏಪ್ರಿಲ್‌ನಲ್ಲಿ ಮತ್ತೆ ಫೈನಲ್, ಮೋಹನ್ ಬಾಗಾನ್‌ಗೆ 2-1ರ ಸೋಲು. ಅಕಾಡೆಮಿಯಿದೆ, ಅಲ್ಲಿಂದ ಹುಡುಗರು ಮೇಲೆ ಬರುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದ ವಿನೀತ್ ವೆಂಕಟೇಶ್ ಹಾಗೆ ಬಂದವನು. ಬಾಗಿಲಿನ ಪ್ರಶ್ನೆಗೆ ಈ ಊರಿನಲ್ಲಿ ಅತ್ಯುತ್ತಮ ಉತ್ತರ ಕೊಡುವುದು ಈ ತಂಡ.

ಆದರೆ ಏನು ಮಾಡುವುದು? ಭಾರತೀಯ ಫುಟ್‌ಬಾಲಿನ ಆಡಳಿತ ಮಂಡಳಿಗೂ ಲೀಗ್ ನಡೆಸುವ ಕಂಪೆನಿಗೂ 2010ರಲ್ಲಿ ಆಗಿದ್ದ 15 ವರ್ಷಗಳ ಒಪ್ಪಂದ 2025ರ ಡಿಸೆಂಬರ್‌ನಲ್ಲಿ ಮುಗಿಯುವುದಿತ್ತು. ಮುಂದೇನು ಎಂದು ಯಾರೂ ಸಮಯಕ್ಕೆ ತೀರ್ಮಾನಿಸಲಿಲ್ಲ. ಜುಲೈನಲ್ಲಿ ಲೀಗನ್ನು ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ನಾಲ್ಕು ತಿಂಗಳ ಹಿಂದೆ ಫೈನಲ್ ಆಡಿದ ತಂಡ! ಭಾರತದ ಅತಿ ಹೆಚ್ಚು ಗೋಲುಗಳ ಸರದಾರ ಸುನಿಲ್ ಛೆಟ್ರಿ ಆಡುವ ತಂಡ! ಮಕ್ಕಳ ತಂಡಗಳಿಗೆ ಮತ್ತು ತರಬೇತಿ ಶಾಲೆಗಳಿಗೆ ಇದು ಅನ್ವಯಿಸದು ಎಂದು ಅವರು ಅದೇ ಹೇಳಿಕೆಯಲ್ಲಿ ಸ್ಪಷ್ಟಪಡಿಸಿದ್ದು ಅವರ ದೊಡ್ಡತನ. ಕೊನೆಗೆ 2026ರ ಫೆಬ್ರವರಿಯಲ್ಲಿ ಲೀಗ್ ಮೊಟಕಾದ ರೂಪದಲ್ಲಿ ಆರಂಭವಾಯಿತು. ಆಟವಾಡುವ ಕಂಠೀರವ ಕ್ರೀಡಾಂಗಣವೂ ಸ್ವಂತದ್ದಲ್ಲ, ಓಟಗಾರರೊಂದಿಗೆ ಹಂಚಿಕೊಳ್ಳುವ ಸರಕಾರಿ ಮೈದಾನ.

ಹಾಗಾಗಿ ಮೂರನೆಯ ಸ್ಥಾನ, ಮನಸ್ಸಿಲ್ಲದ ಮನಸ್ಸಿನಿಂದ. ಲೀಗಿಗೆ ಗಟ್ಟಿ ನೆಲೆ ಸಿಕ್ಕಿದ ದಿನ ಇದನ್ನು ಮೇಲಕ್ಕೆ ಎತ್ತಲು ನಾನು ಸಿದ್ಧ. ಬೆಂಗಳೂರಿನದೇ ಕಿಕ್‌ಸ್ಟಾರ್ಟ್ ಎಫ್‌ಸಿಯ ಮಹಿಳೆಯರು 2023ರ ಮೇ ತಿಂಗಳಲ್ಲಿ ಇಂಡಿಯನ್ ವಿಮೆನ್ಸ್ ಲೀಗಿನ ಫೈನಲ್‌ವರೆಗೆ ಹೋಗಿದ್ದರೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಕ್ರಿಕೆಟ್ ಆಡುವ ಹುಡುಗಿಯ ಸಂಪಾದನೆಯನ್ನು ಈ ಹುಡುಗಿಯರು ಕನಸಿನಲ್ಲೂ ಕಾಣಲಾರರು.

ಉಳಿದ ಇಬ್ಬರು

ಕಬಡ್ಡಿಯ ಬೆಂಗಳೂರು ಬುಲ್ಸ್ ನಾಲ್ಕನೆಯದು. ಲೀಗ್ 2014ರಿಂದ ನಡೆಯುತ್ತಿದೆ, ಟಿವಿಯಲ್ಲಿ ನೋಡುವವರೂ ಬಹಳ. 2019ರ ಜನವರಿ 5ರಂದು ಗುಜರಾತ್ ವಿರುದ್ಧದ ಫೈನಲಿನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ಗಳಿಸಿ ತಂಡಕ್ಕೆ ಕಪ್ ತಂದರು. ಅಂತಹ ಆಟಗಾರನನ್ನು ತಂಡಕ್ಕೆ ಉಳಿಸಿಕೊಳ್ಳಲಾಗಲಿಲ್ಲ. 2022ರಲ್ಲಿ ತಮಿಳು ತಲೈವಾಸ್, 2023ರಲ್ಲಿ 2.605 ಕೋಟಿಗೆ ತೆಲುಗು ಟೈಟನ್ಸ್ ಕೊಂಡುಕೊಂಡವು. 2024ರಲ್ಲಿ ಬುಲ್ಸ್ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಯಿತು. ಮರುವರ್ಷ ಕರ್ನಾಟಕದವರೇ ಆದ ಬಿ.ಸಿ. ರಮೇಶ್ ತರಬೇತುದಾರರಾಗಿ ಬಂದು ತಂಡವನ್ನು ಮೊದಲ ನಾಲ್ಕರೊಳಗೆ ತಂದರು. ಇದರ ದೊಡ್ಡ ಕೊರತೆ ತವರು. 2017ರಲ್ಲಿ ತವರಿನ ಪಂದ್ಯಗಳನ್ನು ನಾಗಪುರದಲ್ಲಿ, ಮರುವರ್ಷ ಪುಣೆಯಲ್ಲಿ ಆಡಿತು. 2025ರ ಸಾಲಿನ ಪಂದ್ಯಗಳು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಲ್ಲಿ ನಡೆದವು, ಬೆಂಗಳೂರಿನಲ್ಲಿ ಒಂದೂ ಇಲ್ಲ. ಹೆಸರಿನಲ್ಲಿ ಮಾತ್ರ ಊರಿರುವ ತಂಡ ಎಷ್ಟು ದಿನ ಊರಿನ ತಂಡವಾಗಿ ಉಳಿದೀತು?

ಹೆಣ್ಣುಮಕ್ಕಳ ಕಬಡ್ಡಿಯ ಕತೆ ಇನ್ನೂ ಬೇಸರದ್ದು. ಅರ್ಜುನ ಪ್ರಶಸ್ತಿ ಪಡೆದ ತೇಜಸ್ವಿನಿ ಬಾಯಿ, ಕಾರ್ಕಳ ಕಡೆಯ ಮಮತಾ ಪೂಜಾರಿಯಂತಹವರನ್ನು ಕೊಟ್ಟ ರಾಜ್ಯ ನಮ್ಮದು. ಪ್ರೊ ಕಬಡ್ಡಿಯವರು 2016ರಲ್ಲಿ ಮಹಿಳೆಯರಿಗೆಂದು ಮೂರು ತಂಡಗಳ ಒಂದು ಪಂದ್ಯಾವಳಿ ನಡೆಸಿದರು. ಅದು ಮುಂದುವರಿಯಲಿಲ್ಲ.

ಕೊನೆಯದು ವಾಲಿಬಾಲಿನ ಬೆಂಗಳೂರು ಟಾರ್ಪೆಡೋಸ್. 2025ರ ಅಕ್ಟೋಬರ್‌ನಲ್ಲಿ ಮುಂಬೈ ಮೀಟಿಯರ್ಸ್ ತಂಡವನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ ಪ್ರೈಮ್ ವಾಲಿಬಾಲ್ ಲೀಗ್ ಗೆದ್ದ ಚಾಂಪಿಯನ್ ತಂಡವನ್ನು ಕೊನೆಗೆ ತಳ್ಳಿದ್ದಕ್ಕೆ ಕೆಲವರು ಮುನಿಸಿಕೊಳ್ಳಬಹುದು. ಆದರೆ ಆ ಲೀಗ್ ಹುಟ್ಟಿದ್ದೇ 2022ರಲ್ಲಿ, ನಡೆಯುವುದು ವರ್ಷಕ್ಕೆ ಕೆಲವೇ ವಾರ. 2024ರಲ್ಲಿ ಇಡೀ ಲೀಗ್ ಚೆನ್ನೈಯಲ್ಲಿ, 2025ರಲ್ಲಿ ಇಡೀ ಲೀಗ್ ಹೈದರಾಬಾದಿನಲ್ಲಿ ನಡೆಯಿತು. ಬೆಂಗಳೂರಿನ ಮಗು ತನ್ನ ತಂಡವನ್ನು ಕಣ್ಣಾರೆ ನೋಡುವುದು ಎಂದು?

ಕೆಳಗಿನ ಲೀಗುಗಳಿಗೆ ಜಾಹೀರಾತಿನ ಹಣವೇ ಉಸಿರು. ಆ ಹಣದಲ್ಲಿ ಒಂದು ಪಾಲು ಎಲ್ಲಿಂದ ಬರುತ್ತಿತ್ತು ಗೊತ್ತೇ? ಮೊಬೈಲಿನಲ್ಲಿ ಹಣ ಕಟ್ಟಿ ತಂಡ ಆರಿಸಿ ಆಡುವ ಆ್ಯಪ್‌ಗಳಿಂದ. ಎಷ್ಟೋ ಮನೆಗಳಲ್ಲಿ ಹುಡುಗರು ಅಪ್ಪನ ಖಾತೆಯಿಂದ ಗುಟ್ಟಾಗಿ ಹಣ ಕಳೆದದ್ದನ್ನು ನಾವೆಲ್ಲ ಕೇಳಿದ್ದೇವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾನೂನು ಮಾಡಿದಾಗ ಭಾರತ ತಂಡದ ಅಂಗಿಯ ಮೇಲಿದ್ದ ಹೆಸರೇ ಮರೆಯಾಯಿತು. ಕ್ರಿಕೆಟಿಗೆ ಬದಲಿ ಪ್ರಾಯೋಜಕರು ಸಿಗುವುದು ಕಷ್ಟವಲ್ಲ. ವಾಲಿಬಾಲಿನಂತಹ ಸಣ್ಣ ಲೀಗಿಗೆ ಯಾರು ಬಂದಾರು? ಆ ಹಣ ನಿಂತದ್ದು ಒಳ್ಳೆಯದೇ ಆಯಿತೆಂದು ನಾನು ಭಾವಿಸುತ್ತೇನೆ, ಅದರಿಂದ ಒಂದೆರಡು ತಂಡಗಳು ಬಡವಾದರೂ ಸರಿ.